ಗುಂಡಿ ಒತ್ತಿದರೆ ಉತ್ತರವಿಲ್ಲ!

ಕಳೆದ ವಾರ ಗಾಂಧಿನಗರದ ಒಂದು ಮುಹೂರ್ತದ ಒಳಸುದ್ದಿ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ಕ್ಷಮಿಸಿ ಸ್ವಾಮಿ, ಈ ವಾರ ಅದಿಲ್ಲ. ಈ ವಾರ ನನ್ನ ತಲೆ ಕೆಡಿಸಿದ್ದು ಹೀರೋನೂ ಅಲ್ಲ, ಹೀರೋಯಿನ್ನೂ ಅಲ್ಲ. ಗೇಣುದ್ದದ ಒಂದು ಟೀವಿ ರಿಮೋಟು! ನಗಬೇಡಿ. ನಿಮ್ಮ ಮನೆಯಲ್ಲೂ ಒಂದಿದೆ. ಅದರ ಬೆನ್ನಿಗೂ ಎರಡೇಟು ಬಾರಿಸಿಯೇ ನೀವು ಚಾನೆಲ್ ಬದಲಾಯಿಸುತ್ತಿದ್ದೀರಿ ಅಂತ ನನಗೆ ಗೊತ್ತು.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಅಜ್ಜಿ. ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಅಂತ ಬರುವ ಕಾಸಿಗಾಗಿ ನಾನು ದಿನವಿಡೀ ಅಲೆಯುತ್ತೇನೆ. ಅಜ್ಜಿಗೆ ಮಂಡಿ ನೋವು, ಮೆಟ್ಟಿಲು ಇಳಿಯೋ ಹಾಗಿಲ್ಲ. ಕಿವಿಯೂ ಮಂದ. ಅವಳ ಪಾಲಿಗೆ ಪ್ರಪಂಚ ಅಂದರೆ ಆ ಟೀವಿ, ಅದರಲ್ಲೂ ಮಧ್ಯಾಹ್ನ ಬರುವ ಹಳೇ ಸಿನಿಮಾ.

ಹೋದ ವರ್ಷ ಟೀವಿಯ ಅಸಲಿ ರಿಮೋಟು ಕೈಕೊಟ್ಟಿತು. ಸರ್ವೀಸ್ ಸೆಂಟರಿಗೆ ಹೋದೆ. ಕಂಪನಿ ಹೆಸರು ಬೇಡ ಬಿಡಿ. ಕೌಂಟರಿನ ಹುಡುಗ ರಿಮೋಟನ್ನು ಮುಟ್ಟಿಯೂ ನೋಡಲಿಲ್ಲ. "ಆ ಮಾಡೆಲ್ ನಿಂತೋಯ್ತು ಸಾರ್, ಎಕ್ಸ್‌ಚೇಂಜಲ್ಲಿ ಹೊಸ ಟೀವಿ ತಗೊಂಬಿಡಿ" ಅಂದ. ಟೀವಿಗೆ ಆಗಿದ್ದು ಆರೇ ವರ್ಷ! ಫುಟ್‌ಪಾತಿನಲ್ಲಿ ೧೮೦ ರೂಪಾಯಿ ಕೊಟ್ಟು ಡೂಪ್ಲಿಕೇಟ್ ತಂದೆ. ಐದು ತಿಂಗಳು ಸುಖವಾಗಿ ಕಳೆಯಿತು.

ಹೋದ ತಿಂಗಳು ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಟೀವಿಯಲ್ಲಿ 'ಶರಪಂಜರ' ಓಡುತ್ತಿದೆ. ಪುಟ್ಟಣ್ಣ ಕಣಗಾಲರ ೧೯೭೧ರ ಚಿತ್ರ, ಕಲ್ಪನಾ ಅಭಿನಯ. ಆದರೆ ಸದ್ದು ಮಾತ್ರ ಸೊಳ್ಳೆ ಗುಂಯ್‌ಗುಟ್ಟಿದಷ್ಟು. ನನಗೇ ಕೇಳಿಸದು, ಅಜ್ಜಿಗೆ ಎಲ್ಲಿಂದ ಕೇಳಬೇಕು?

"ಯಾಕಜ್ಜಿ, ವಾಲ್ಯೂಮ್ ಜಾಸ್ತಿ ಮಾಡ್ಬಾರ್ದಾ?"

"ಆ ಗುಂಡಿ ಹೋಗಿ ಒಂದ್ ತಿಂಗ್ಳಾಯ್ತು ಕಣೋ. ಮೊನ್ನೆ ಮೊನ್ನೆ ದುಡ್ಡು ಕೊಟ್ಟು ತಂದಿದ್ದೆ, ಮತ್ತೆ ಯಾಕೆ ನಿಂಗೆ ಖರ್ಚು ಅಂತ ಸುಮ್ನಿದ್ದೆ. ಇರ್ಲಿ ಬಿಡು, ಕಲ್ಪನಾ ತುಟಿ ಅಲ್ಲಾಡಿದ್ರೆ ಸಾಕು, ಏನಂತಾಳೆ ಅಂತ ನಂಗೆ ಗೊತ್ತು."

ಒಂದು ತಿಂಗಳು! ಒಂದು ತಿಂಗಳು ಮುದುಕಿ ಮೂಕಿ ಚಿತ್ರ ನೋಡಿದ್ದಾಳೆ. ನಾನೋ, ಸದ್ದು ಕಮ್ಮಿ ಇದ್ದದ್ದು ಕಂಡು ಅಕ್ಕಪಕ್ಕದವರ ಮೇಲೆ ಅಜ್ಜಿಗೆ ಕರುಣೆ ಬಂದಿದೆ ಅಂದುಕೊಂಡಿದ್ದೆ. ನೆಟ್ಟಗೆ ಕೈಯಿಂದಲೇ ಸದ್ದು ಏರಿಸೋಣ ಅಂದರೆ ಈ ಟೀವಿಯ ಮೈಮೇಲೆ ತಿರುಪೂ ಇಲ್ಲ, ಗುಂಡಿಯೂ ಇಲ್ಲ. ಹೊಟ್ಟೆಯಡಿ ಎಲ್ಲೋ ಒಂದೇ ಒಂದು ಗುಂಡಿ, ಅದನ್ನು ಹುಡುಕಲು ಬಗ್ಗಬೇಕು. ಮಂಡಿ ನೋವಿನ ಮುದುಕಿ ಬಗ್ಗುವುದುಂಟೇ? ರಿಮೋಟು ಸತ್ತರೆ ಟೀವಿಯೂ ಸತ್ತ ಹಾಗೆ.

ಮಾರನೇ ದಿನ ಎರಡೂ ರಿಮೋಟುಗಳನ್ನು ಜೇಬಿಗೆ ತುರುಕಿಕೊಂಡು ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನುಗಳ ಸಂತೆ, ನಿಮಗೆ ಗೊತ್ತೇ ಇದೆ. ಅಲ್ಲೊಂದು ಓಣಿಯಲ್ಲಿ ಮೊಬೈಲ್ ಕವರುಗಳ ತೋರಣದ ಹಿಂದೆ ಒಬ್ಬ ಹಿರಿಯರು ಕೂತಿದ್ದರು. ರೇಡಿಯೋ ಕಾಲದ ಕೈ. ಹಳೇ ಎಟಿಎಂ ಕಾರ್ಡು ತೂರಿಸಿ ರಿಮೋಟಿನ ಹೊಟ್ಟೆ ಟಕ್ಕಂತ ಬಿಚ್ಚಿದರು.

"ಓದಿದ್ದೆಲ್ಲಿವರೆಗೆ?" ಅಂದರು.

"ಪಿಯುಸಿ ಅರ್ಧಕ್ಕೆ ಬಿಟ್ಟೆ ಸಾರ್."

"ಸಾಕು. ಇದಕ್ಕೆ ಅಷ್ಟೂ ಬೇಡ. ನೋಡು."

ನೋಡಿದೆ. ಕಾಲೇಜಿನ ಫಿಸಿಕ್ಸ್ ಲೆಕ್ಚರರು ಆರು ತಿಂಗಳಲ್ಲಿ ತಿಳಿಸದ್ದನ್ನು ಆ ಮನುಷ್ಯ ಹತ್ತು ನಿಮಿಷದಲ್ಲಿ ತಿಳಿಸಿದರು. ಅದನ್ನೇ ನಿಮಗೂ ಹೇಳುತ್ತೇನೆ.

ನಾವು ಒತ್ತುವ ಗುಂಡಿಗಳೆಲ್ಲ ಬೇರೆ ಬೇರೆ ಅಲ್ಲ, ಒಂದೇ ಸಿಲಿಕೋನ್ ರಬ್ಬರಿನ ಹಾಳೆಯ ಮೇಲೆ ಎದ್ದ ಬೊಬ್ಬೆಗಳು. ಪ್ರತಿ ಬೊಬ್ಬೆಯ ಅಡಿಯಲ್ಲೂ ಇಂಗಾಲ ಬೆರೆಸಿದ ಒಂದು ಕಪ್ಪು ಬಿಲ್ಲೆ. ಅದರ ಕೆಳಗೆ ಬೋರ್ಡಿನ ಮೇಲೆ ಎರಡು ಬಾಚಣಿಗೆಗಳನ್ನು ಹಲ್ಲಿನ ನಡುವೆ ಹಲ್ಲು ಬರುವಂತೆ, ಆದರೆ ಒಂದಕ್ಕೊಂದು ತಾಗದಂತೆ ಇಟ್ಟ ಹಾಗೆ ಗೆರೆಗಳು. ಗುಂಡಿ ಒತ್ತಿದಾಗ ಕಪ್ಪು ಬಿಲ್ಲೆ ಬಂದು ಆ ಎರಡೂ ಬಾಚಣಿಗೆಗಳಿಗೆ ಸೇತುವೆ ಹಾಕುತ್ತದೆ. ಕರೆಂಟು ದಾಟುತ್ತದೆ. ಐಸಿ ಅದನ್ನು ಗುರುತಿಸಿ ಮೂತಿಯ ಎಲ್‌ಇಡಿಗೆ ಹೇಳುತ್ತದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಟೀವಿಗೆ ಕಣ್ಣು ಹೊಡೆಯುತ್ತದೆ. ಕಥೆ ಇಷ್ಟೇ!

ಈಗ ವಿಲನ್‌ಗಳ ಪ್ರವೇಶ. ಮೊದಲನೆಯವನು ಎಣ್ಣೆ. ಆ ಸಿಲಿಕೋನ್ ರಬ್ಬರು ಚೆನ್ನಾಗಿ ಪಕ್ವವಾಗದಿದ್ದರೆ ಒಳಗಿನ ಎಣ್ಣೆ ವರ್ಷಗಟ್ಟಲೆ ಸಣ್ಣಗೆ ಜಿನುಗುತ್ತದೆ. ಜೊತೆಗೆ ನಮ್ಮ ಬೆರಳಿನ ಜಿಡ್ಡು, ಚಕ್ಕುಲಿ ತಿಂದ ಕೈ, ಬೆವರು... ಎಲ್ಲ ಸಂದಿನಿಂದ ಇಳಿದು ಬಿಲ್ಲೆಯ ಮೇಲೊಂದು ಪೊರೆ ಕಟ್ಟುತ್ತದೆ. ಕರೆಂಟು ಆ ಪೊರೆ ದಾಟದು. ಎರಡನೆಯವನು ಸವೆತ. ಅದಕ್ಕೇ ಸದಾ ಒತ್ತಿಸಿಕೊಳ್ಳುವ ಪವರ್, ವಾಲ್ಯೂಮ್, ಓಕೆ ಗುಂಡಿಗಳೇ ಮೊದಲು ಸಾಯುವುದು. ಎಂದೂ ಮುಟ್ಟದ ಗುಂಡಿಗಳು ಚಿರಂಜೀವಿಗಳು! ಹಿರಿಯರು ಮೀಟರ್ ಹಿಡಿದು ತೋರಿಸಿದರು. ಒಳ್ಳೆ ಗುಂಡಿಯ ಬಿಲ್ಲೆ ನೂರಿನ್ನೂರು ಓಮ್ ತೋರಿಸಿತು. ಅಜ್ಜಿಯ ವಾಲ್ಯೂಮ್ ಗುಂಡಿಯದು ಲಕ್ಷ ದಾಟಿತು.

ಮೂರನೆಯವನು ಸೆಲ್ಲು. ನಾವು ಹಾಕುವ ಅಗ್ಗದ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರೆಂಟು ಕೊಡುತ್ತ ಕೊಡುತ್ತ ಕರಗುತ್ತದೆ. ಮುಗಿದ ಸೆಲ್ಲನ್ನು ಒಳಗೇ ಬಿಟ್ಟರೆ ತೂತಾಗಿ ಸೋರಿ ಸ್ಪ್ರಿಂಗನ್ನು ತಿನ್ನುತ್ತದೆ. ಹಳತೊಂದು ಹೊಸತೊಂದು ಸೇರಿಸಿ ಹಾಕಿದರೂ ಇದೇ ಗತಿ. ನಾಲ್ಕನೆಯದು ಬೀಳುವುದು. ಬೀಳಿಸಿದ ಮೇಲೆ ನಾಲ್ಕಾರು ಗುಂಡಿಗಳು ಒಟ್ಟಿಗೇ ಸತ್ತರೆ ದೋಷ ರಬ್ಬರಿನದಲ್ಲ, ಬೋರ್ಡಿನ ಗೆರೆಯಲ್ಲಿ ಬಿರುಕು ಬಿಟ್ಟಿದೆ ಅಂತ ತಿಳಿಯಿರಿ.

ಇನ್ನು ಉಪಾಯ. ಮೊದಲು ನಿಮ್ಮ ಫೋನಿನ ಸೆಲ್ಫಿ ಕ್ಯಾಮರಾ ಮುಂದೆ ರಿಮೋಟಿನ ಮೂತಿ ಹಿಡಿದು ಗುಂಡಿ ಒತ್ತಿ. ಹೆಚ್ಚಿನ ಫೋನುಗಳಲ್ಲಿ ನೇರಳೆ ಬೆಳಕು ಮಿನುಗುವುದು ಕಾಣುತ್ತದೆ. ಒಂದು ಗುಂಡಿಗೆ ಮಿನುಗಿ ಇನ್ನೊಂದಕ್ಕೆ ಮಿನುಗದಿದ್ದರೆ ಐಸಿ, ಎಲ್‌ಇಡಿ, ಸೆಲ್ಲು ಎಲ್ಲ ಸರಿ ಇವೆ, ಗುಂಡಿಯದೇ ಕಾಯಿಲೆ. ಸೆಲ್ಲು ತೆಗೆದು, ಬಿಚ್ಚಿ, ರಬ್ಬರಿನ ಬಿಲ್ಲೆಗಳನ್ನೂ ಬೋರ್ಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆತ್ತಗೆ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದರೆ ಮತ್ತೆ ಜಿಡ್ಡು. ಉಪ್ಪು ಕಾಗದ ಹಾಕಿ ಉಜ್ಜಿದಿರೋ, ಇದ್ದ ಇಂಗಾಲವೂ ಹೋಯಿತು! ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬಿಲ್ಲೆ ತೀರಾ ಸವೆದಿದ್ದರೆ ಅಲ್ಯುಮಿನಿಯಂ ಹಾಳೆಯ ಚೂರನ್ನು ಬಿಲ್ಲೆಯ ಅಳತೆಗೆ ಕತ್ತರಿಸಿ ಅದರ ಮೇಲೆ ಅಂಟಿಸಿ. ಹೊಳೆಯುವ ಲೋಹ ಬೋರ್ಡಿನ ಕಡೆಗಿರಲಿ, ಅಂಟು ಆ ಕಡೆ ತಾಗದಿರಲಿ.

ಎರಡೂ ರಿಮೋಟು ಬದುಕಿದವು. ಹಿರಿಯರು ತಗೊಂಡದ್ದು ಮೂವತ್ತು ರೂಪಾಯಿ. "ಮುಂದಿನ ಸಲ ನೀನೇ ಮಾಡ್ಕೊ" ಅಂದರು. ಗಿರಾಕಿಗೆ ಹೀಗೆ ಹೇಳಿದರೆ ನಿಮ್ಮ ವ್ಯಾಪಾರ ಏನಾಗಬೇಕು ಅಂದೆ. ಮಗನ ಕಡೆ ಕೈ ತೋರಿಸಿದರು. "ಅವನು ಒಂದು ದಿನ ಮೊಬೈಲ್ ಕವರ್ ಮಾರಿ ದುಡಿಯೋದು ನಾನು ಒಂದು ವಾರ ರಿಪೇರಿ ಮಾಡಿದ್ರೂ ಹುಟ್ಟಲ್ಲ. ಈ ಮೇಜು ಇನ್ನೆಷ್ಟು ದಿನವೋ." ನನಗೆ ಮಾತು ಹೊರಡಲಿಲ್ಲ.

ಇಲ್ಲಿ ನನಗೊಂದು ಸಂಗತಿ ಹೊಳೆಯಿತು. ರಿಮೋಟಿನಲ್ಲಿ ಬುದ್ಧಿವಂತ ಭಾಗ ಸಾಯುವುದು ಅಪರೂಪ. ಐಸಿಗಳು ಹಿಂದಿಗಿಂತ ಈಗ ಚೆನ್ನಾಗಿಯೇ ಇವೆ. ಸಾಯುವುದು ರಬ್ಬರು, ಸ್ಪ್ರಿಂಗು, ಬೆಸುಗೆ, ಪ್ಲಾಸ್ಟಿಕ್ಕು. ಪೈಸೆ ಉಳಿಸುವುದೂ ಅಲ್ಲಿಯೇ! ಸಿನಿಮಾದಲ್ಲೂ ಹೀಗೇ ಅಲ್ಲವೇ? ಹೀರೋಗೆ ಕೋಟಿ, ಲೈಟ್ ಬಾಯ್ ಊಟದಲ್ಲಿ ಉಳಿತಾಯ. ಟೀವಿಯ ಕಥೆಯೂ ಅದೇ. ಎಲ್‌ಇಡಿ ಟೀವಿಯಲ್ಲಿ ಪರದೆ ಚೆನ್ನಾಗಿಯೇ ಇರುತ್ತದೆ, ಹಿಂದಿನ ದೀಪಗಳ ಪಟ್ಟಿ ಸುಡುತ್ತದೆ. ಅಂಗಡಿಯಲ್ಲಿ ಝಗಝಗಿಸಲಿ ಅಂತ ಬೆಳಕನ್ನು ತುದಿಗೇರಿಸಿ ಇಟ್ಟಿರುತ್ತಾರೆ. ಮನೆಗೆ ತಂದ ದಿನವೇ ಬ್ಯಾಕ್‌ಲೈಟ್ ಇಳಿಸಿಡಿ, ಆಯಸ್ಸು ಹೆಚ್ಚುತ್ತದೆ.

ಮೊದಲ ರಿಮೋಟುಗಳ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ೧೯೫೫ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಬ್ಯಾಟರಿ ಲೈಟಿನಂಥ ಒಂದು ರಿಮೋಟು ಮಾಡಿದ. ಪರದೆಯ ಮೂಲೆಗೆ ಬೆಳಕು ಬಿಟ್ಟರೆ ಚಾನೆಲ್ ಬದಲಾವಣೆ. ಆದರೆ ಬಿಸಿಲು ಬಿದ್ದರೂ ಚಾನೆಲ್ ತಾನಾಗಿ ಬದಲಾಗುತ್ತಿತ್ತಂತೆ! ಮರುವರ್ಷ, ೧೯೫೬ರಲ್ಲಿ, ಅದೇ ಕಂಪನಿಯ ರಾಬರ್ಟ್ ಆಡ್ಲರ್ ಸ್ಪೇಸ್ ಕಮಾಂಡ್ ತಂದ. ಒಳಗೆ ಅಲ್ಯುಮಿನಿಯಂ ಸರಳುಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಸರಳಿಗೆ ಹೊಡೆದು ಕಿವಿಗೆ ಕೇಳದ ನಾದ ಎಬ್ಬಿಸುತ್ತಿತ್ತು. ಸೆಲ್ಲೂ ಇಲ್ಲ, ಇಂಗಾಲದ ಬಿಲ್ಲೆಯೂ ಇಲ್ಲ!

ಹಾಗಂತ ಹಳೆಯದೆಲ್ಲ ಹೊನ್ನು ಅಂತ ನಾನು ಹೇಳುವುದಿಲ್ಲ. ೧೯೮೭ರಲ್ಲಿ 'ರಾಮಾಯಣ' ನೋಡಲು ತಾತ ಕಪ್ಪು ಬಿಳುಪು ಟೀವಿ ತಂದ ಕಥೆ ಅಜ್ಜಿ ನೂರು ಸಲ ಹೇಳಿದ್ದಾಳೆ. ಹನುಮಂತ ಹಾರುವ ಹೊತ್ತಿಗೆ ಸರಿಯಾಗಿ ಚಿತ್ರ ಉರುಳುತ್ತಿತ್ತಂತೆ. ಒಬ್ಬರು ಆಂಟೆನಾ ತಿರುಗಿಸಲು ತಾರಸಿಯ ಮೇಲೆ, ಇನ್ನೊಬ್ಬರು "ಬಂತು, ಬಂತು, ಹೋಯ್ತು!" ಅಂತ ಕೂಗಲು ಕೆಳಗೆ. ಕೆಡುವುದು ಆಗಲೂ ಕೆಡುತ್ತಿತ್ತು ಸ್ವಾಮಿ. ಆದರೆ ಬಿಚ್ಚಲು ಸ್ಕ್ರೂ ಇತ್ತು, ಎಷ್ಟೋ ಸೆಟ್ಟುಗಳ ಜೊತೆ ಸರ್ಕ್ಯೂಟ್ ನಕ್ಷೆ ಬರುತ್ತಿತ್ತು, ಬೀದಿಗೊಬ್ಬ ಮೆಕ್ಯಾನಿಕ್ ಇದ್ದ. ಈಗ ಸ್ಕ್ರೂ ಬದಲು ಕ್ಲಿಪ್ಪು, ಅಂಟು. ನಕ್ಷೆ ಬದಲು "ಎಕ್ಸ್‌ಚೇಂಜ್ ಮಾಡಿ".

ಬೇಕೆಂದೇ ಬೇಗ ಕೆಡಿಸುತ್ತಾರೆಯೇ? ರಿಮೋಟಿನ ವಿಷಯದಲ್ಲಿ ಅಗ್ಗದ ಮಾಲೇ ಉತ್ತರವಾಗಲು ಸಾಕು. ಆದರೆ ಉದ್ಯಮಕ್ಕೆ ಈ ಬುದ್ಧಿ ಎಂದೂ ಬಂದಿಲ್ಲ ಅನ್ನುವ ಹಾಗಿಲ್ಲ. ೧೯೨೪ರಲ್ಲಿ ಓಸ್ರಾಮ್, ಫಿಲಿಪ್ಸ್ ಮುಂತಾದ ದೊಡ್ಡ ಬಲ್ಬ್ ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿಕೊಂಡು ಬಲ್ಬಿನ ಆಯಸ್ಸನ್ನು ಸಾವಿರ ಗಂಟೆಗೆ ಕಟ್ಟಿಹಾಕಿದವು. ಹೆಚ್ಚು ಬಾಳುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ!

ಈಗ ಗಾಳಿ ಸ್ವಲ್ಪ ತಿರುಗಿದೆ. ಫ್ರಾನ್ಸಿನಲ್ಲಿ ೨೦೨೧ರಲ್ಲಿ ಟೀವಿ, ಮೊಬೈಲುಗಳ ಮೇಲೆ ರಿಪೇರಿ ಎಷ್ಟು ಸುಲಭ ಅನ್ನುವುದಕ್ಕೆ ಅಂಕ ನಮೂದಿಸುವ ನಿಯಮ ಬಂತು. ನಮ್ಮ ಕೇಂದ್ರ ಸರ್ಕಾರವೂ ೨೦೨೨ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಅದೇ ೨೦೨೨ರಲ್ಲಿ ಪ್ರಪಂಚ ಎಸೆದ ಎಲೆಕ್ಟ್ರಾನಿಕ್ ಕಸ ೬.೨ ಕೋಟಿ ಟನ್ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ಲೆಕ್ಕಕ್ಕೆ ಸಿಕ್ಕಿದ್ದು ಕಾಲು ಭಾಗಕ್ಕೂ ಕಮ್ಮಿ. ಕಾನೂನು ಬರಲಿ, ಬೇಡವೆಂದವರಾರು? ಅದು ಎಸ್.ಪಿ. ರೋಡಿನ ಆ ಮೇಜು ಖಾಲಿಯಾಗುವ ಮುಂಚೆ ಬರಲಿ ಅನ್ನುವುದಷ್ಟೇ ನನ್ನ ಆಸೆ.

ಈಗ ನಮ್ಮ ಮನೆಯಲ್ಲಿ ಕಲ್ಪನಾ ಮತ್ತೆ ಮಾತಾಡುತ್ತಿದ್ದಾರೆ, ಬೀದಿಗೆಲ್ಲ ಕೇಳುವ ಹಾಗೆ. ಪಕ್ಕದ ಮನೆಯವರು ಆಗಲೇ ಎರಡು ಸಲ ಬಾಗಿಲು ಬಡಿದಾಗಿದೆ. ಓದುಗ ಬಂಧುಗಳೇ, ನಿಮ್ಮ ಮನೆಯಲ್ಲೂ ವಯಸ್ಸಾದವರಿದ್ದರೆ ಇವತ್ತು ರಾತ್ರಿ ಅವರ ರಿಮೋಟನ್ನು ಒಂದು ಸಲ ಕೈಗೆ ತಗೊಂಡು ಎಲ್ಲಾ ಗುಂಡಿ ಒತ್ತಿ ನೋಡಿ. ಅವರಾಗಿ ಹೇಳುವುದಿಲ್ಲ.

ಮುಹೂರ್ತದ ಒಳಸುದ್ದಿ ಮುಂದಿನ ವಾರ. ಈ ಸಲ ಖಂಡಿತ!