ಮನೆಯೊಳಗೇ ಕಳೆದುಹೋಗುವ ಮಕ್ಕಳು

ಪ್ರತಿವರ್ಷ ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಹಬ್ಬಕ್ಕೆ ಸೇರುವ ಜನಸಾಗರದಲ್ಲಿ ಮಗುವೊಂದು ತಾಯಿಯ ಕೈ ಬಿಟ್ಟರೆ ಆಕೆ ಮರುಕ್ಷಣವೇ ಕೂಗಿಕೊಳ್ಳುತ್ತಾಳೆ. ಗುರುತಿಲ್ಲದವರೂ ಹುಡುಕಲು ನಿಲ್ಲುತ್ತಾರೆ. ಆದರೆ ಕಣ್ಣೆದುರಿಗೇ ಉಂಡು, ಮಲಗಿ, ಶಾಲೆಗೆ ಹೋಗಿಬರುತ್ತಲೇ ಒಳಗೊಳಗೇ ಕಳೆದುಹೋಗುವ ಮಗುವಿಗಾಗಿ ಕೂಗುವವರು ಯಾರು? ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದಾಗ, ಮಗ ಸಹಯಾತ್ರಿಕರ ಗುಂಪಿನಲ್ಲಿರುವನೆಂದು ಭಾವಿಸಿ ಮರಿಯಮ್ಮ ಮತ್ತು ಜೋಸೆಫರು ಒಂದು ದಿನದ ಹಾದಿ ಮುಂದೆ ಸಾಗಿದ್ದರೆಂದು ಸಂತ ಲೂಕರು ತಿಳಿಸುತ್ತಾರೆ. ಅವರಿಗೆ ಮಗನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಆದರೂ ಅವನು ಜೊತೆಯಲ್ಲಿಲ್ಲವೆಂಬುದು ತಿಳಿಯಲು ಒಂದು ದಿನ ಬೇಕಾಯಿತು.

ಮಕ್ಕಳ ಭಾವನೆ ಮತ್ತು ನಡವಳಿಕೆಯ ತೊಂದರೆಗಳನ್ನು ಆರಂಭದಲ್ಲೇ ಗುರುತಿಸಲು ಪ್ರಶ್ನಾವಳಿಯ ಮೂಲಕ ಪ್ರಾಥಮಿಕ ತಪಾಸಣೆ ನಡೆಸುವ ಮಾತು ಬಂದಾಗಲೆಲ್ಲ ನಮ್ಮ ಕುಟುಂಬಗಳಲ್ಲಿ ಒಂದು ಅಳುಕು ಕಾಣುತ್ತದೆ. "ಸ್ವಾಮಿ, ಹುಡುಗನಿಗೆ ತಲೆ ಸರಿಯಿಲ್ಲವೆಂದು ಬರೆದುಬಿಟ್ಟರೆ ಗತಿಯೇನು? ಶಾಲೆಯಿಂದ ತೆಗೆದುಬಿಟ್ಟರೆ?" ಎಂದು ತಂದೆತಾಯಿಗಳು ಕೇಳುತ್ತಾರೆ. ಈ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಭಯಕ್ಕೆ ಎದುರಾಗಿ ನಮ್ಮ ಊರಿನದೇ ಒಂದು ಸತ್ಯವಿದೆ.

ನಿಮ್ಹಾನ್ಸ್ ಸಂಸ್ಥೆಯ ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಹಳ್ಳಿಗಳ 16 ವರ್ಷದವರೆಗಿನ 2,064 ಮಕ್ಕಳನ್ನು ಅಧ್ಯಯನ ಮಾಡಿ 2005ರಲ್ಲಿ ವರದಿ ಪ್ರಕಟಿಸಿದರು. ಶೇಕಡ 12.5ರಷ್ಟು ಮಕ್ಕಳಲ್ಲಿ, ಅಂದರೆ ಎಂಟರಲ್ಲಿ ಒಂದು ಮಗುವಿನಲ್ಲಿ, ಒಂದಲ್ಲ ಒಂದು ತೊಂದರೆಯಿತ್ತು. ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ಅತಿಯಾದ ಭಯ, ಮಿತಿಮೀರಿದ ಚಟುವಟಿಕೆ, ತೊದಲು, ಹಟಮಾರಿತನ ಇವು ಹೆಚ್ಚಾಗಿ ಕಂಡುಬಂದವು. ಆದರೆ ತಮ್ಮ ಮಗುವಿಗೆ ಇಂಥ ತೊಂದರೆಯಿದೆಯೆಂದು ಮನಗಂಡಿದ್ದ ಕುಟುಂಬಗಳು ಶೇಕಡ 37.5 ಮಾತ್ರ. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ: ಇವುಗಳಲ್ಲಿ ಬಹುಪಾಲು, ನಮ್ಮ ಮನೆಗಳಲ್ಲಿ ಬೈಗುಳಕ್ಕೂ ಬೆತ್ತಕ್ಕೂ ಗುರಿಯಾಗುವಂಥವೇ ಅಲ್ಲವೆ? ದೈಹಿಕ ಹಿಂಸೆಗೂ ಮಕ್ಕಳ ಮಾನಸಿಕ ತೊಂದರೆಗೂ ನಂಟಿರುವುದನ್ನು ಅದೇ ಅಧ್ಯಯನ ತೋರಿಸಿತು.

ಲಕ್ಷಣ ಬೇರೆ, ನಿರ್ಣಯ ಬೇರೆ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲಿರುವುದು ಕೇವಲ 25 ಅಂಶಗಳು. ತಂದೆತಾಯಿ, ಶಿಕ್ಷಕರು, ಹನ್ನೊಂದು ದಾಟಿದ ಮಕ್ಕಳು ತಾವೇ ಅದನ್ನು ತುಂಬಬಹುದು. ಮಗುವಿನ ಕಷ್ಟಗಳನ್ನಷ್ಟೇ ಅಲ್ಲ, ಅದರ ಸದ್ಗುಣಗಳನ್ನೂ ಅದು ವಿಚಾರಿಸುತ್ತದೆ. ಇಂಥ ತಪಾಸಣೆ ಜರಡಿಯೇ ಹೊರತು ತಕ್ಕಡಿಯಲ್ಲ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲೆಂದು ತೀರ್ಮಾನಿಸಲಾಗದು. ತಜ್ಞರು ಮಗುವನ್ನು ಕಂಡು ಮಾತನಾಡಿಸಿದ ಮೇಲೆಯೇ ನಿರ್ಣಯ.

ಆದುದರಿಂದ ಶಾಲೆಗಳಿಗೂ ನಮ್ಮ ಮಾತಿದೆ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಪ್ರಶ್ನಾವಳಿ ಹಂಚಬೇಡಿ. ಉತ್ತರಗಳು ಸಿಬ್ಬಂದಿ ಕೋಣೆಯ ಹರಟೆಯಾಗದಿರಲಿ. ಮಗುವನ್ನು ಹೊರಹಾಕಲು ಅವು ನೆಪವಾಗದಿರಲಿ. ಮುಂದಿನ ನೆರವಿಗೆ ದಾರಿ ಮಾಡದೆ ತೊಂದರೆಯನ್ನು ಎತ್ತಿ ತೋರಿಸುವುದು, ಗಾಯದ ಪಟ್ಟಿ ಬಿಚ್ಚಿ ಎದ್ದುಹೋದಂತೆ.

ಗುರುಗಳಾದ ನಾವೂ ಈ ತಪ್ಪಿಗೆ ಹೊರತಲ್ಲ. ಧರ್ಮೋಪದೇಶದ ತರಗತಿಯಲ್ಲಿ ಕುಳಿತಲ್ಲಿ ಕೂರಲಾರದ ಬಾಲಕನನ್ನು ತುಂಟನೆಂದು ಮೊಣಕಾಲೂರಿಸಿದ್ದೇವೆ. ಬಾಯಿಬಿಡದ ಬಾಲಕಿಯನ್ನು ವಿಧೇಯಳೆಂದು ಹೊಗಳಿದ್ದೇವೆ. ಇಬ್ಬರನ್ನೂ ಏಕೆ ಹೀಗೆಂದು ವಿಚಾರಿಸಲಿಲ್ಲ. ಪಾಪನಿವೇದನೆ ಪಾಪಕ್ಕೆ, ಚಿಕಿತ್ಸೆ ಕಾಯಿಲೆಗೆ; ತೊದಲಾಗಲಿ ಭಯವಾಗಲಿ ಪಾಪವಲ್ಲ, ಪಿಶಾಚಿಯ ಕಾಟವೂ ಅಲ್ಲ. ನವೇನ ಸಲ್ಲಿಸುವ ತಾಯಿ ಮಗುವನ್ನು ವೈದ್ಯರ ಬಳಿಗೂ ಕರೆದೊಯ್ದರೆ ಆಕೆಯ ವಿಶ್ವಾಸ ಕುಂದುವುದಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ 1963ರಲ್ಲಿ ನಮ್ಮ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರೆಂಬುದನ್ನು ಮರೆಯದಿರೋಣ.

ಹಲಸೂರಿನಿಂದಾಗಲಿ ಕೆ.ಆರ್. ಪುರದಿಂದಾಗಲಿ ನೆರವು ನಮಗೆ ದೂರವಿಲ್ಲ. ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಗನಿಗಾಗಿ ಹಿಂದಿರುಗಿ ಬಂದ ಆ ತಾಯಿ, ಅವನು ಸಿಕ್ಕಾಗ ಕೇಳಿದ್ದು ಏಕೆ ಹೀಗೆ ಮಾಡಿದೆಯೆಂಬ ಪ್ರಶ್ನೆಯನ್ನು. ಅವನ ಉತ್ತರ ಅರ್ಥವಾಗದಿದ್ದರೂ ಅದನ್ನು ತಳ್ಳಿಹಾಕದೆ ಹೃದಯದಲ್ಲಿ ಇರಿಸಿಕೊಂಡಳು. ಈ ಸಂಜೆ ಜಪಸರ ಮುಗಿದ ಮೇಲೆ ನಾವೂ ನಮ್ಮ ಮಕ್ಕಳನ್ನು ಕೇಳೋಣ. ಉತ್ತರ ಬರುವವರೆಗೆ ಕಾಯೋಣ.