ಸೈಟಿನ ಹಳೇ ರೇಟು ಯಾರಿಗೆ ಗೊತ್ತು?

ಅಪ್ಪನ ಪಿಎಫ್ ಹಣ ಕೈಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಸೈಟಿನದ್ದೇ ಮಾತು. ತಗಡೂರಿನಿಂದ ನಂಜನಗೂಡಿಗೆ ಹೋಗಿ ಒಂದು 30×40 ಸೈಟು ನೋಡಿಕೊಂಡು ಬಂದರು. ಬ್ರೋಕರ್ ಹೇಳಿದ್ದು ಚದರಡಿಗೆ 1,550 ರೂಪಾಯಿ. ‘ಹೋದ್ ವರ್ಷ ಇದ್ನೇ ಕಮ್ಮಿಗೆ ಹೇಳ್ತಿದ್ರಂತೆ, ಮೊಬೈಲಲ್ಲಿ ಹುಡುಕಿ ನೋಡ್ಲಾ’ ಅಂದರು ಅಪ್ಪ.

ಎರಡು ಸಂಜೆ ಹುಡುಕಿದೆ. ಮಾರಾಟದ ಆ್ಯಪ್‌ಗಳಲ್ಲಿ ಇವತ್ತಿನ ಜಾಹೀರಾತು ಇತ್ತು, ಹೋದ ವರ್ಷದ್ದು ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಚಿಕ್ಕಪ್ಪನ ವಾಟ್ಸ್‌ಆ್ಯಪ್‌ನಲ್ಲಿ. ಏನನ್ನೂ ಡಿಲೀಟ್ ಮಾಡದ ಅವರ ಅಭ್ಯಾಸಕ್ಕೆ ಮೊದಲ ಸಲ ಕೈ ಮುಗಿದೆ. ಅದೇ ಸೈಟು, ಚದರಡಿಗೆ 1,200. ಲೆಕ್ಕ ಹಾಕಿದರೆ 4.2 ಲಕ್ಷದ ವ್ಯತ್ಯಾಸ!

ಕೇಳಿದ ಬೆಲೆ ಬಿಡಿ, ಹಿಂದೆ ನಿಜವಾಗಿ ಮಾರಿದ ಬೆಲೆಯಾದರೂ ಸರ್ಕಾರಿ ದಾಖಲೆಯಲ್ಲಿ ಇರಬೇಕಲ್ಲ ಎಂದು ‘ಕಾವೇರಿ’ ತಾಣದಲ್ಲಿ ಋಣಭಾರ ಪತ್ರಕ್ಕೆ, ಅಂದರೆ ಇಸಿಗೆ ಅರ್ಜಿ ಹಾಕಿದೆ. 2004ರ ಏಪ್ರಿಲ್‌ನಿಂದ ಈಚಿನ ನೋಂದಣಿಗಳು ಇದರಲ್ಲಿ ಸಿಗುತ್ತವೆ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ನಡೆದಿರದಿದ್ದರೆ ನಮೂನೆ 16. ನಮಗೆ ಬಂದದ್ದು 15. 2021ರಲ್ಲಿ ಈ ಸೈಟು 5.4 ಲಕ್ಷಕ್ಕೆ ಮಾರಾಟವಾಗಿದೆ ಎಂದಿತ್ತು. ಅಪ್ಪ ನಕ್ಕರು. ಅದು ಮಾರಿದ ಬೆಲೆಯಲ್ಲ, ಸರ್ಕಾರದ ಮಾರ್ಗಸೂಚಿ ದರಕ್ಕೆ ಹೊಂದಿಸಿ ಬರೆಸಿದ ಬೆಲೆ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತು. ಉಳಿದದ್ದು ನಗದು.

ಇಂಗ್ಲೆಂಡಿನಲ್ಲಿ 1995ರಿಂದ ಈಚೆಗೆ ಯಾವ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮಲ್ಲೂ ದಾಖಲೆ ಮುಚ್ಚಿಟ್ಟಿಲ್ಲ. 1908ರ ನೋಂದಣಿ ಕಾಯ್ದೆಯೇ ಸ್ಥಿರಾಸ್ತಿಯ ಪುಸ್ತಕವನ್ನು ಶುಲ್ಕ ಕಟ್ಟಿ ಯಾರಾದರೂ ನೋಡಬಹುದು ಎನ್ನುತ್ತದೆ. ಆದರೆ ಅದರಲ್ಲಿ ಬರೆದ ಅಂಕಿಯನ್ನೇ ನಂಬುವಂತಿಲ್ಲ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಖಜಾನೆಗೆ ಹಣ ಬೇಕು, ಒಪ್ಪೋಣ. ಆದರೆ ನಿಜ ಬೆಲೆ ಬರೆಸಿದವನೇ ಹೆಚ್ಚು ಕಟ್ಟಬೇಕಾದಾಗ ಯಾರು ಬರೆಸುತ್ತಾರೆ? ಹೀಗಾಗಿ ಹೊಸದಾಗಿ ಕೊಳ್ಳುವವನಿಗೆ ಬ್ರೋಕರ್ ಬಾಯಿಯೇ ಗತಿ. ಬ್ರೋಕರ್‌ಗೆ ಮಾತ್ರ ಹಿಂದಿನ ಎಲ್ಲ ರೇಟೂ ಗೊತ್ತು.

ಬೆಲೆ ಹುಡುಕಲು ಹೋದವನ ಕಣ್ಣಿಗೆ ಅದೇ ಇಸಿಯಲ್ಲಿ ಇನ್ನೊಂದು ಸಾಲು ಬಿತ್ತು. 2022ರಲ್ಲಿ ಈ ಸೈಟನ್ನು ಬ್ಯಾಂಕಿಗೆ ಅಡಮಾನ ಇಟ್ಟಿದ್ದಾರೆ. ಸಾಲ ತೀರಿಸಿ ಬಿಡಿಸಿಕೊಂಡ ನೋಂದಣಿ ಇಲ್ಲ. ಇದನ್ನು ಬ್ರೋಕರ್ ಹೇಳಿರಲೇ ಇಲ್ಲ. ಇಸಿ ತೆಗೆಸದೆ ಅಡ್ವಾನ್ಸ್ ಕೊಟ್ಟಿದ್ದರೆ? ನೋಂದಣಿಯಾಗದ ಕರಾರು ಇದ್ದರಂತೂ ಇಸಿಯಲ್ಲೂ ಕಾಣುವುದಿಲ್ಲ.

ಫೋನ್ ಮಾಡಿ ಕೇಳಿದೆವು. ‘ಅದೆಲ್ಲ ತೀರಿದೆ ಸಾರ್, ಪೇಪರ್ ಆಮೇಲೆ ಕೊಡ್ತೀವಿ, ಶುಕ್ರವಾರ ಅಡ್ವಾನ್ಸ್ ಮಾಡಿ’ ಎಂದರು. ಪೇಪರ್ ಬರಲಿ, ಆಮೇಲೆ ಶುಕ್ರವಾರ ನೋಡೋಣ ಎಂದು ಅಪ್ಪ ಫೋನ್ ಇಟ್ಟರು. ಮೂರು ವಾರವಾಯಿತು, ಪೇಪರ್ ಬಂದಿಲ್ಲ. ರೇಟು ಮಾತ್ರ 1,400ಕ್ಕೆ ಇಳಿದಿದೆ.