ಚಳಿಗಾಲದ ಹಾಡಿನ ಯಾತ್ರಿಕರು

ಇಂಗ್ಲೆಂಡ್ ದೇಶದಲ್ಲಿ ಜನವರಿ ಮತ್ತು ಫೆಬ್ರವರಿ ತಿಂಗಳುಗಳು ಮನೆ ಬಿಟ್ಟು ಹೊರಡತಕ್ಕ ಕಾಲವಲ್ಲ. ಜನವರಿಯಲ್ಲಿ ಸಂಜೆ ನಾಲ್ಕೂವರೆಯ ವೇಳೆಗೆ ಕತ್ತಲು ಕವಿಯುತ್ತದೆ. ಮಳೆ, ಮಂಜು, ಹೆಪ್ಪುಗಟ್ಟಿದ ರಸ್ತೆಗಳ ಭಯದಿಂದ ವಯೋವೃದ್ಧರು ಬೆಂಕಿಯ ಮಗ್ಗುಲು ಬಿಟ್ಟು ಏಳುವುದಿಲ್ಲ. ಆದರೂ ಪ್ರತಿವರ್ಷ ಇದೇ ದಿನಗಳಲ್ಲಿ ತಲೆ ನರೆತ ಸ್ತ್ರೀಪುರುಷರು ದಪ್ಪ ಕೋಟುಗಳನ್ನು ತೊಟ್ಟು, ಒಂದು ಊರಿನಿಂದ ಇನ್ನೊಂದು ಊರಿಗೆ ಹಾಡುಗಾರರ ಒಂದು ತಂಡದ ಬೆನ್ನುಹತ್ತಿ ಹೋಗುತ್ತಾರೆ. ಒಂದೇ ಕಾರ್ಯಕ್ರಮವನ್ನು ಒಂದೇ ಋತುವಿನಲ್ಲಿ ಮೂರು ಊರುಗಳಲ್ಲಿ, ನಾಲ್ಕು ಊರುಗಳಲ್ಲಿ ಕುಳಿತು ಕೇಳುವವರೂ ಅವರಲ್ಲುಂಟು. ಆ ತಂಡದ ಹೆಸರು ಫೇರ್‌ಪೋರ್ಟ್ ಕನ್ವೆನ್ಷನ್.

ಪಾಶ್ಚಾತ್ಯ ವಾದ್ಯವೃಂದವೊಂದರ ಸುದ್ದಿ ನಮ್ಮ ಪತ್ರಿಕೆಯಲ್ಲಿ ಏತಕ್ಕೆ ಎಂದು ಕೇಳುವ ಓದುಗ ಬಾಂಧವರು ಇರಬಹುದು. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಉದ್ಯೋಗದಲ್ಲಿದ್ದಾರೆ; ಅವರು ಬಾಳುವ ನಾಡಿನ ಜನ ಯಾವುದನ್ನು ಪ್ರೀತಿಸುತ್ತಾರೆ ಎಂಬುದನ್ನು ಅರಿಯುವುದು ಲೇಸೇ. ಅದಕ್ಕಿಂತ ಮುಖ್ಯವಾದ ಕಾರಣ ಬೇರೊಂದಿದೆ. ಒಂದು ಹಾಡಿನ ಬಳಗವನ್ನು ದೊಡ್ಡ ಕಂಪನಿಗಳು ಕೈಬಿಟ್ಟ ಮೇಲೆ ಕೇಳುಗರೇ ನಲವತ್ತು ವರ್ಷಗಳಿಗೂ ಮೀರಿ ಹೊತ್ತು ನಡೆದ ಬಗೆ, ಸತ್ಸಂಗದ ಬೆಲೆ ಬಲ್ಲ ನಮಗೆ ವಿಚಾರಯೋಗ್ಯವಾದುದು.

ಈ ತಂಡ ಹುಟ್ಟಿದ್ದು 1967ರಲ್ಲಿ, ಲಂಡನ್ನಿನ ಉತ್ತರ ಭಾಗದ ಮಸ್ವೆಲ್ ಹಿಲ್ ಎಂಬಲ್ಲಿ. ಸೈಮನ್ ನಿಕೋಲ್ ಎಂಬ ಹದಿಹರೆಯದ ಹುಡುಗನ ಮನೆಯ ಹೆಸರು ಫೇರ್‌ಪೋರ್ಟ್; ಅಲ್ಲಿ ಸೇರಿ ಅಭ್ಯಾಸ ಮಾಡುತ್ತಿದ್ದುದರಿಂದ ಮನೆಯ ಹೆಸರೇ ತಂಡಕ್ಕೂ ಬಂದಿತು. ಆ ವರ್ಷದ ಮೇ ತಿಂಗಳಿನಲ್ಲಿ ಗೋಲ್ಡರ್ಸ್ ಗ್ರೀನ್ ಬಡಾವಣೆಯ ಚರ್ಚಿನ ಸಭಾಂಗಣದಲ್ಲಿ ಮೊದಲ ಕಛೇರಿ ನಡೆದಾಗ ಸಭಿಕರ ನಡುವೆ ಮಾರ್ಟಿನ್ ಲ್ಯಾಂಬಲ್ ಎಂಬ ತರುಣನೊಬ್ಬ ಕುಳಿತಿದ್ದನು. ಕಛೇರಿ ಮುಗಿದ ಮೇಲೆ ಆತ ನೇರವಾಗಿ ತಂಡದವರ ಬಳಿಗೆ ಹೋಗಿ, ನಿಮ್ಮ ಡ್ರಮ್ಸ್ ವಾದಕನಿಗಿಂತ ನಾನು ಚೆನ್ನಾಗಿ ಬಾರಿಸಬಲ್ಲೆನೆಂದು ಹೇಳಿದನಂತೆ. ಅದು ಬರಿಯ ಬಡಾಯಿಯಾಗಿರಲಿಲ್ಲ. ಅವನೇ ಆ ತಂಡದ ಡ್ರಮ್ಸ್ ವಾದಕನಾದನು. ಕೇಳುವವರ ಸಾಲಿನಿಂದ ಎದ್ದುಹೋಗಿ ಹಾಡುವವರ ಸಾಲಿನಲ್ಲಿ ಕುಳಿತುಕೊಳ್ಳುವುದು ಈ ಬಳಗದಲ್ಲಿ ಮೊದಲ ದಿನದಿಂದಲೇ ಸಾಧ್ಯವಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ತರುಣ ಇಲ್ಲವಾದನು. 1969ರ ಮೇ 12ರಂದು, ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹಾಡಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಲಂಡನ್ನಿಗೆ ಮರಳುತ್ತಿದ್ದಾಗ ಇವರ ವ್ಯಾನು ಹೆದ್ದಾರಿಯಲ್ಲಿ ಉರುಳಿತು. ಲ್ಯಾಂಬಲ್ ಮತ್ತು ಜತೆಯಲ್ಲಿದ್ದ ಒಬ್ಬ ತರುಣಿ ಮೃತಪಟ್ಟರು. ಅವನಿಗೆ ಆಗ 19 ವರ್ಷ. ಉಳಿದವರು ಗಾಯಗೊಂಡು ಆಸ್ಪತ್ರೆ ಸೇರಿದರು. ತಂಡವನ್ನು ಇಲ್ಲಿಗೇ ಮುಗಿಸಿಬಿಡುವುದೇ ಮೇಲೆಂಬ ವಿಚಾರವೂ ಅವರಲ್ಲಿ ಬಂದಿತ್ತು.

ಅವರು ಮುಗಿಸಲಿಲ್ಲ. ಅದೇ ಬೇಸಿಗೆಯಲ್ಲಿ ವಿಂಚೆಸ್ಟರ್ ಬಳಿಯ ಹಳ್ಳಿಯೊಂದರಲ್ಲಿ ದೊಡ್ಡ ಮನೆಯನ್ನು ಬಾಡಿಗೆಗೆ ಪಡೆದು ಎಲ್ಲರೂ ಒಟ್ಟಿಗೆ ವಾಸಮಾಡಿದರು. ಡೇವ್ ಮ್ಯಾಟಕ್ಸ್ ಎಂಬ ಹೊಸ ಡ್ರಮ್ಸ್ ವಾದಕರೂ ಡೇವ್ ಸ್ವಾರ್ಬ್ರಿಕ್ ಎಂಬ ಪಿಟೀಲು ವಿದ್ವಾಂಸರೂ ಬಂದು ಸೇರಿದರು. ಅಲ್ಲಿಯವರೆಗೆ ಅಮೆರಿಕದ ಮಾದರಿಯ ಹಾಡುಗಳನ್ನು ಹೆಚ್ಚಾಗಿ ಅನುಸರಿಸುತ್ತಿದ್ದ ಇವರು ಈಗ ತಮ್ಮದೇ ನೆಲದ ಹಳೆಯ ಲಾವಣಿಗಳತ್ತ ತಿರುಗಿದರು. ತಂಡದ ಆ್ಯಶ್ಲಿ ಹಚಿಂಗ್ಸ್ ಅವರು ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್ ಎಂಬ ಜಾನಪದ ಭಂಡಾರಕ್ಕೆ ಹೋಗಿ ಕುಳಿತು ಹಳೆಯ ಪಾಠಗಳನ್ನು ಹುಡುಕಿದರು.

ಈ ಸೆಸಿಲ್ ಶಾರ್ಪ್ ಯಾರೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಅವರು ಸಂಗೀತದ ಉಪಾಧ್ಯಾಯರು. 1903ರಲ್ಲಿ ಸೋಮರ್‌ಸೆಟ್ ಪ್ರಾಂತದ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಅತಿಥಿಯಾಗಿದ್ದಾಗ, ತೋಟದ ಕೆಲಸದವನೊಬ್ಬ ತನ್ನಷ್ಟಕ್ಕೆ ತಾನೇ ಹಾಡಿಕೊಳ್ಳುತ್ತಿದ್ದ ಹಾಡು ಅವರ ಕಿವಿಗೆ ಬಿದ್ದಿತು. ಅಂದಿನಿಂದ ಅವರು ಹಳ್ಳಿಹಳ್ಳಿ ತಿರುಗಿ ಮುದುಕರ, ಮುದುಕಿಯರ ಬಾಯಲ್ಲಿದ್ದ ಹಾಡುಗಳನ್ನು ಸಾವಿರಗಟ್ಟಲೆ ಬರೆದುಕೊಂಡರು. ತಾಳೆಗರಿಯ ಕಟ್ಟುಗಳಿಗಾಗಿ ಊರೂರು ಅಲೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ನಮ್ಮ ಪೂಜ್ಯ ಫ. ಗು. ಹಳಕಟ್ಟಿಯವರನ್ನು ಬಲ್ಲ ಮನೆಗಳಿಗೆ ಇಂತಹ ಶ್ರಮದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಲದ ಕೆಲಸದವರ ಬಾಯಿಂದ ಪುಸ್ತಕಕ್ಕೆ ಬಂದ ಹಾಡು, ಪುಸ್ತಕದಿಂದ ಮತ್ತೆ ಬಾಯಿಗೆ ಹೋದರೆ ಮಾತ್ರ ಬದುಕೀತು. ಫೇರ್‌ಪೋರ್ಟ್ ತಂಡದವರು ಮಾಡಿದ್ದು ಆ ಎರಡನೆಯ ಕೆಲಸ. ವಿದ್ಯುತ್ ಗಿಟಾರ್ ಮತ್ತು ಡ್ರಮ್ಸ್ ಜತೆಗೂಡಿಸಿ ಹಾಡಿದರೆಂದು ಮೂಗುಮುರಿದ ಸಂಪ್ರದಾಯಸ್ಥರು ಅಲ್ಲಿಯೂ ಇದ್ದರು.

ಆ ಬೇಸಿಗೆಯ ಫಲವಾಗಿ 1969ರ ಡಿಸೆಂಬರಿನಲ್ಲಿ ‘ಲೀಜ್ ಅಂಡ್ ಲೀಫ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. 2006ರಲ್ಲಿ ಬಿ.ಬಿ.ಸಿ. ರೇಡಿಯೋದ ಜಾನಪದ ಪ್ರಶಸ್ತಿ ಸಮಾರಂಭದಲ್ಲಿ, ಜಾನಪದ ಸಂಗೀತದ ಮೇಲೆ ಅತ್ಯಂತ ಪ್ರಭಾವ ಬೀರಿದ ಧ್ವನಿಮುದ್ರಿಕೆ ಎಂಬ ಗೌರವ ಇದಕ್ಕೆ ಕೇಳುಗರ ಮತದಿಂದಲೇ ದೊರಕಿತು. ಅದರಲ್ಲಿ ‘ಟ್ಯಾಮ್ ಲಿನ್’ ಎಂಬ ಹಳೆಯ ಸ್ಕಾಟ್ಲೆಂಡಿನ ಲಾವಣಿಯೊಂದಿದೆ. ಯಕ್ಷರಾಣಿಯ ವಶದಲ್ಲಿರುವ ತನ್ನ ನಲ್ಲನನ್ನು ಹೆಣ್ಣೊಬ್ಬಳು ಬಿಡಿಸಿಕೊಳ್ಳಬೇಕು. ಅದಕ್ಕೆ ಒಂದೇ ಕರಾರು: ನಡುರಾತ್ರಿ ಅವನನ್ನು ಅಪ್ಪಿ ಹಿಡಿಯಬೇಕು, ಮಾಯೆಯಿಂದ ಅವನ ರೂಪ ತೋಳಿನೊಳಗೇ ಭಯಂಕರವಾಗಿ ಬದಲಾಗುತ್ತ ಹೋದರೂ ಹಿಡಿದ ಕೈಯನ್ನು ಸಡಿಲಿಸಬಾರದು. ಆಕೆ ಸಡಿಲಿಸುವುದಿಲ್ಲ. ಆ ತಂಡದ ಕೇಳುಗರು ಕೇಳುತ್ತ ಬೆಳೆದದ್ದು ಇಂತಹ ಕಥೆಗಳನ್ನು.

ಅವರ ಕೈಯಲ್ಲಿದ್ದ ತಂಡವೂ ಹಲವು ಬಾರಿ ರೂಪ ಬದಲಾಯಿಸಿತು. ಧ್ವನಿಮುದ್ರಿಕೆ ಹೊರಬರುವ ಹೊತ್ತಿಗೇ ಹಚಿಂಗ್ಸ್ ಹೊರಟುಹೋಗಿದ್ದರು. ಅಪೂರ್ವ ಕಂಠದ ಗಾಯಕಿ ಸ್ಯಾಂಡಿ ಡೆನ್ನಿಯೂ ಹೋದರು. ಬಳಿಕ ರಿಚರ್ಡ್ ಥಾಂಪ್ಸನ್ ಹೋದರು. ಸ್ವತಃ ಸೈಮನ್ ನಿಕೋಲ್ ಅವರೇ 1971ರಲ್ಲಿ ಬಿಟ್ಟು 1976ರಲ್ಲಿ ಮರಳಿದರು. ಡೆನ್ನಿಯವರು 1978ರ ಏಪ್ರಿಲಿನಲ್ಲಿ ಕೇವಲ 31ರ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ದೇಶದ ಅಭಿರುಚಿಯೂ ಬದಲಾಗಿ ಪಂಕ್ ಎಂಬ ಅಬ್ಬರದ ಸಂಗೀತ ಬಂದಿತ್ತು. ಇವರ ಮುದ್ರಿಕೆಗಳು ಮಾರಾಟವಾಗುತ್ತಿಲ್ಲವೆಂದು ಕಂಪನಿಯವರು ಹಣ ಕೊಟ್ಟು ಒಪ್ಪಂದವನ್ನೇ ಮುಗಿಸಿಕೊಂಡರು. ಹಾಡಬೇಡಿರೆಂದು ಹಣ ಕೊಡುವ ವ್ಯಾಪಾರವೂ ಲೋಕದಲ್ಲಿ ಉಂಟೆಂದಾಯಿತು!

1979ರ ಆಗಸ್ಟ್ 4ರಂದು ತಂಡದವರು ವಿದಾಯದ ಕಛೇರಿ ನಡೆಸಿದರು. ಆ ದಿನ ಹಗಲಿನಲ್ಲಿ ನೆಬ್‌ವರ್ತ್ ಎಂಬಲ್ಲಿ ಲೆಡ್ ಜೆಪ್ಪೆಲಿನ್ ಎಂಬ ಜಗತ್ಪ್ರಸಿದ್ಧ ತಂಡದ ಮಹಾಸಭೆಯಲ್ಲಿ ಹಾಡಿ, ಸಂಜೆಗೆ ಆಕ್ಸ್‌ಫರ್ಡ್‌ಶೈರ್ ಪ್ರಾಂತದ ಕ್ರಾಪ್ರೆಡಿ ಎಂಬ ಪುಟ್ಟ ಹಳ್ಳಿಗೆ ಬಂದರು. ಕಾಲುವೆಯ ದಂಡೆಯ ಈ ಹಳ್ಳಿಯ ಜನಸಂಖ್ಯೆ ಏಳುನೂರರ ಆಸುಪಾಸು. ಅಂದು ಕೆಲವು ಸಾವಿರ ಜನ ಕೂಡಿದ್ದರು. ಆ ಕೊನೆಯ ಕಾರ್ಯಕ್ರಮಗಳ ಧ್ವನಿಮುದ್ರಿಕೆಯನ್ನು ಹೊರತರಲು ಯಾವ ಕಂಪನಿಯೂ ಮುಂದೆ ಬಾರದಿದ್ದಾಗ, ತಂಡದ ಡೇವ್ ಪೆಗ್ ಮತ್ತು ಅವರ ಧರ್ಮಪತ್ನಿ ಕ್ರಿಸ್ಟೀನ್ ತಾವೇ ವುಡ್‌ವರ್ಮ್ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ ಅದನ್ನು ಹೊರತಂದರು. ಮರುವರ್ಷ ಅದೇ ಹಳ್ಳಿಯಲ್ಲಿ ಹಳೆಯ ಗೆಳೆಯರು ಒಂದು ದಿನ ಕೂಡಿದರು. ಜನ ಮತ್ತೆ ಬಂದರು. ಅದರ ಮರುವರ್ಷವೂ ಬಂದರು. ವಿದಾಯ ಹೇಳಿ ಹೋದವರನ್ನು ವರ್ಷಕ್ಕೊಮ್ಮೆ ಹೀಗೆ ಕರೆದು ಕೂರಿಸಿದ್ದರಿಂದಲೇ 1985ರಲ್ಲಿ ತಂಡ ಪುನಃ ಜೀವ ತಳೆಯಿತೆಂದರೆ ತಪ್ಪಾಗಲಾರದು. ಆಗಸ್ಟಿನ ಆ ಕೂಟ ಮುಂದೆ ಇಪ್ಪತ್ತು ಸಾವಿರದವರೆಗೆ ಜನ ಸೇರುವ ಜಾತ್ರೆಯಾಯಿತು. ಸಾಂಕ್ರಾಮಿಕದ ದೆಸೆಯಿಂದ 2020 ಮತ್ತು 2021ರಲ್ಲಿ ನಿಂತು, 2022ರಲ್ಲಿ ಮತ್ತೆ ನಡೆಯಿತು.

ಬೇಸಿಗೆಯ ಜಾತ್ರೆಗೆ ಯಾರಾದರೂ ಹೋದಾರು. ಬಿಸಿಲಿದೆ, ಹುಲ್ಲುಗಾವಲಿದೆ, ಮಕ್ಕಳಿಗೆ ಆಟವಿದೆ. ಚಳಿಗಾಲದ ಪ್ರವಾಸ ಹಾಗಲ್ಲ. ಜನವರಿಯ ಕೊನೆಯಿಂದ ಮಾರ್ಚ್ ಮೊದಲ ಭಾಗದವರೆಗೆ ತಂಡದವರು ಸಣ್ಣ ಪಟ್ಟಣಗಳ ನಾಟಕಶಾಲೆಗಳಲ್ಲಿ, ಕಲಾಮಂದಿರಗಳಲ್ಲಿ, ಕೆಲವೊಮ್ಮೆ ಚರ್ಚುಗಳಲ್ಲಿ, ಕೆಲವೇ ನೂರು ಜನ ಹಿಡಿಸುವ ಜಾಗಗಳಲ್ಲಿ ಹಾಡುತ್ತಾರೆ. ದೊಡ್ಡ ನಗರದ ದೊಡ್ಡ ಸಭೆಯೊಂದರಲ್ಲಿ ಒಂದೇ ದಿನಕ್ಕೆ ಮುಗಿಸಬಹುದಾದದ್ದನ್ನು ಹೀಗೆ ಊರೂರಿಗೆ ಹೊತ್ತೊಯ್ಯುವುದರಲ್ಲಿಯೇ ಅದರ ಸತ್ವವಿದೆ ಎಂದು ನಮ್ಮ ಭಾವನೆ. ಜಂಗಮ ಎಂಬ ಮಾತಿನ ಒಳಗನ್ನು ಬಲ್ಲವರು ನಾವು. ಚಲಿಸುವವನಿಗೆ ಭಿನ್ನವತ್ತಳೆ ಮಾಡಿ ಬರಮಾಡಿಕೊಳ್ಳುವ ಮನೆ ಎಷ್ಟು ಮುಖ್ಯವೆಂಬುದೂ ನಮಗೆ ಗೊತ್ತು. ಹಾಡುವವರು ಬರುತ್ತಾರೆಂಬ ಭರವಸೆಯಿಂದ ಕೇಳುವವರು ತಿಂಗಳುಗಳ ಮೊದಲೇ ಟಿಕೆಟು ಕೊಳ್ಳುತ್ತಾರೆ. ಕೇಳುವವರು ಬಂದೇ ಬರುತ್ತಾರೆಂಬ ಭರವಸೆಯಿಂದ ಹಾಡುವವರು ಮಂಜಿನಲ್ಲಿ ಹೊರಡುತ್ತಾರೆ. ಈ ಪ್ರವಾಸಗಳಲ್ಲಿ ಹೊಸ ಕಲಾವಿದರಿಗೆ ಮೊದಲಲ್ಲಿ ಸ್ವಲ್ಪ ಹೊತ್ತು ವೇದಿಕೆ ಬಿಟ್ಟುಕೊಡುವ ರೂಢಿಯೂ ಇದೆ. ವಿರಾಮದಲ್ಲಿ, ಕೊನೆಯಲ್ಲಿ ತಂಡದವರು ಹೊರಗಿನ ಮೇಜಿನ ಬಳಿ ಬಂದು ನಿಂತು ಮುದ್ರಿಕೆಗಳಿಗೆ ಸಹಿ ಹಾಕುತ್ತಾರೆ, ಹಳಬರ ಯೋಗಕ್ಷೇಮ ವಿಚಾರಿಸುತ್ತಾರೆ. ಬೀರ್ ಕುಡಿಯುವ ಪದ್ಧತಿಯೂ ಈ ಬಳಗದಲ್ಲಿ ಬಹಳ ಹಳೆಯದು. ಅದನ್ನು ನಾವು ಮೆಚ್ಚಲಾರೆವು. ಇದ್ದುದನ್ನು ಮುಚ್ಚಿಡುವುದೂ ಸಲ್ಲದು.

ನಮ್ಮಲ್ಲಿ ಅಭಿಮಾನಿಗಳೆಂದ ಕೂಡಲೇ ಕಟೌಟಿನ ನೆತ್ತಿಗೆ ಹಾಲು ಸುರಿಯುವವರ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಕೂಸಿನ ಬಾಯಿಗೆ ಹೋಗಬೇಕಾದ ಹಾಲು ರಟ್ಟಿನ ಮೇಲೆ ಹರಿಯುವುದನ್ನು ಕಂಡು ನೊಂದವರಲ್ಲಿ ನಾವೂ ಸೇರಿದ್ದೇವೆ. ಅದರ ಎದುರಿಗೆ ಸ್ವಾರ್ಬ್ರಿಕ್ ಅವರ ಪ್ರಸಂಗವನ್ನು ಇಟ್ಟು ನೋಡಬೇಕು. ಆ ಪಿಟೀಲು ವಿದ್ವಾಂಸರಿಗೆ ವಿದ್ಯುತ್ ವಾದ್ಯಗಳ ಅಬ್ಬರದಿಂದ ಕಿವಿ ಮಂದವಾಗಿತ್ತು. ಬರಬರುತ್ತ ಶ್ವಾಸಕೋಶವೂ ಕೆಟ್ಟಿತು. 1999ರಲ್ಲಿ ಅವರು ಕಾವೆಂಟ್ರಿಯ ಆಸ್ಪತ್ರೆಯಲ್ಲಿದ್ದಾಗ ಲಂಡನ್ನಿನ ಡೇಲಿ ಟೆಲಿಗ್ರಾಫ್ ಪತ್ರಿಕೆಯು ಅವರು ತೀರಿಕೊಂಡರೆಂದೇ ತಿಳಿದು ಶ್ರದ್ಧಾಂಜಲಿ ಲೇಖನವನ್ನು ಅಚ್ಚು ಮಾಡಿತು. ಕಾವೆಂಟ್ರಿಯಲ್ಲಿ ತಾವು ಸತ್ತದ್ದು ಇದೇ ಮೊದಲಲ್ಲವೆಂದು ಅವರು ನಕ್ಕರು. ಕಛೇರಿ ನೀರಸವಾದರೆ ‘ಸತ್ತೆ’ ಎನ್ನುವುದು ಅಲ್ಲಿನ ಕಲಾವಿದರ ಮಾತು. ಮುಂದೆ ಆ ಶ್ರದ್ಧಾಂಜಲಿಯ ಪ್ರತಿಗಳಿಗೆ ತಾವೇ ರುಜು ಮಾಡಿ ಕಾರ್ಯಕ್ರಮಗಳಲ್ಲಿ ಮಾರಿದರಂತೆ! ಕಲಾವಿದನಿಗೆ ಹಾಡಿದ ದಿನ ಮಾತ್ರ ಅನ್ನ. ಮಲಗಿದ ದಿನ ಗಳಿಕೆಯಿಲ್ಲ. ಇದನ್ನರಿತ ಗೆಳೆಯರು ‘ಸ್ವಾರ್ಬ್‌ಏಡ್’ ಎಂಬ ಹೆಸರಿನಲ್ಲಿ ಸಹಾಯಾರ್ಥ ಕಛೇರಿಗಳನ್ನು ಏರ್ಪಡಿಸಿದರು, ಕೇಳುಗರು ಕೈಲಾದಷ್ಟು ಕೊಟ್ಟರು. 2004ರಲ್ಲಿ ಅವರಿಗೆ ಶ್ವಾಸಕೋಶದ ಕಸಿ ನಡೆಯಿತು. ಅದಾದ ಮೇಲೆ ಹನ್ನೆರಡು ವರ್ಷ ಬದುಕಿದರು, ಪಿಟೀಲನ್ನು ಮತ್ತೆ ನುಡಿಸಿದರು. 2016ರ ಜೂನ್ 3ರಂದು ತೀರಿಕೊಂಡರು. ಹಾಡು ಕೇಳಿ ಸಂತೋಷಪಟ್ಟವನು ಹಾಡಿದವನ ಉಸಿರಿಗೂ ಹೊಣೆ ಎಂಬ ಈ ಅರಿವು ನಮ್ಮ ದಾಸೋಹದ ಮಾತಿಗೆ ದೂರವಾದುದಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿಯೇ ಹೇಳುತ್ತೇವೆ. ನಮ್ಮ ಊರುಗಳ ಜಾತ್ರೆಗೆ ದೂರದಿಂದ ಹೆಸರಾಂತ ಗಾಯಕರನ್ನು ಹಣ ತೆತ್ತು ಕರೆಸುತ್ತೇವೆ, ಅದು ಬೇಡವೆನ್ನುವುದಿಲ್ಲ. ಆದರೆ ಮೂವತ್ತು ವರ್ಷ ಸೋಮವಾರ ತಪ್ಪದೆ ಮಠದ ಕಟ್ಟೆಯ ಮೇಲೆ ವಚನ ಹಾಡಿದ ಭಜನಾ ಮೇಳದ ಹಾರ್ಮೋನಿಯಂ ಅಜ್ಜನಿಗೆ ಮೊಣಕಾಲು ನೋವಾಗಿ ಬಾರದೇ ಹೋದರೆ, ಅವನ ಮನೆಯ ಬಾಗಿಲಿಗೆ ಹೋಗಿ ‘ಯಾಕಜ್ಜಾ, ಬರಲಿಲ್ಲ?’ ಎಂದು ಕೇಳುವವರು ಎಷ್ಟು ಮಂದಿ?

ಇಂಗ್ಲೆಂಡಿನ ಈ ಬಳಗಕ್ಕೂ ಕಾಲ ಸಮೀಪಿಸುತ್ತಿದೆ. ಸೈಮನ್ ನಿಕೋಲ್ 1950ರಲ್ಲಿ, ಡೇವ್ ಪೆಗ್ 1947ರಲ್ಲಿ ಹುಟ್ಟಿದವರು. ಕೇಳುವವರೂ ಅವರ ಓರಗೆಯವರೇ. ಪ್ರತಿವರ್ಷ ಒಂದೆರಡು ಪರಿಚಿತ ಮುಖಗಳು ಕಡಿಮೆಯಾಗುತ್ತವೆ. ಕಾರ್ಯಕ್ರಮದ ಕೊನೆಯಲ್ಲಿ ರೂಢಿಯಂತೆ ಹಾಡುವುದು ‘ಮೀಟ್ ಆನ್ ದ ಲೆಜ್’ ಎಂಬ ಹಾಡನ್ನು. ಥಾಂಪ್ಸನ್ ಅವರು ಇಪ್ಪತ್ತು ತುಂಬುವ ಮೊದಲೇ ಬರೆದ ಅದು, ಅಗಲಿದ ಗೆಳೆಯರನ್ನು ಮತ್ತೆ ಕಾಣುವೆನೆಂಬ ಆಸೆಯ ಹಾಡು. ಬರೆದಾಗ ಹೆದ್ದಾರಿಯ ಅಪಘಾತ ಇನ್ನೂ ಆಗಿರಲಿಲ್ಲ. ಈಗ ಅದನ್ನು ಹಾಡುವಾಗ ಸಭೆಯಲ್ಲಿ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಯಾರದೋ ಹೆಸರಿರುತ್ತದೆ, ಮತ್ತು ಸಭೆಯೇ ದನಿಗೂಡಿಸಿ ಹಾಡುತ್ತದೆ.

1998ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಡ್ರಮ್ಸ್ ನುಡಿಸಿದ ಜೆರಿ ಕಾನ್ವೇ ಅವರು 2022ರಲ್ಲಿ ತಂಡದಿಂದ ನಿವೃತ್ತರಾದರು. ನರಗಳನ್ನು ಕುಂದಿಸುವ ರೋಗಕ್ಕೆ ತುತ್ತಾಗಿ 2024ರ ಮಾರ್ಚಿನಲ್ಲಿ ತೀರಿಕೊಂಡರು. ಅವರು ಬಿಟ್ಟ ಜಾಗಕ್ಕೆ ಹೊಸಬರನ್ನು ಹುಡುಕಲಿಲ್ಲ. ಅಮೆರಿಕದಲ್ಲಿ ನೆಲೆಸಿದ್ದ, ಎಪ್ಪತ್ತು ದಾಟಿದ ಡೇವ್ ಮ್ಯಾಟಕ್ಸ್ ಅವರಿಗೆ ಹೇಳಿ ಕಳುಹಿಸಿದರು. 1969ರ ಬೇಸಿಗೆಯಲ್ಲಿ ಲ್ಯಾಂಬಲ್‌ನ ಜಾಗಕ್ಕೆ ಬಂದು ಕುಳಿತಿದ್ದವರು ಅವರೇ. ಅಟ್ಲಾಂಟಿಕ್ ಸಾಗರವನ್ನು ದಾಟಿ ಅವರು ಚಳಿಗಾಲದ ಪ್ರವಾಸಕ್ಕೆ ಬಂದರು.